ಎಶಾಬ್ವೆ ಕಲಸುವಾಗ ಮಾತಾಡಬಾರದು

ತುಪ್ಪ ಇನ್ನೂ ಹಳದಿಯಾಗಿಯೇ ಇತ್ತು. ಮುದುಕಿ ಕಮುಷಾನ ಒಂದು ಮರದ ಬೋಗುಣಿಯನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಉಪ್ಪುಗಲ್ಲು ನೆನೆಸಿದ ನೀರನ್ನು ಹನಿಹನಿಯಾಗಿ ಬಿಡುತ್ತ, ಸೌಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಳು. ತಿರುಗಿಸುತ್ತ ತಿರುಗಿಸುತ್ತ ಒಂದು ಗಳಿಗೆಯಲ್ಲಿ ತುಪ್ಪ ತನ್ನ ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ, ಆಗ ಅದು ಎಶಾಬ್ವೆ. ಹೆಣ್ಣು ಒಪ್ಪಿಸಿಕೊಡುವ ಊಟ ಅದಿಲ್ಲದೆ ಊಟವೇ ಅಲ್ಲ. ಬೆಳ್ಳಗಾಗುವವರೆಗೆ ಕಲಸುವವಳು ಬಾಯಿ ಬಿಡುವಂತಿಲ್ಲ. ಒಂದು ಮಾತಾಡಿದರೂ ಒಡೆದು ನೀರು ಬೇರೆ ಜಿಡ್ಡು ಬೇರೆ ಆಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು, ತಾಯಿಗೆ ಅವಳ ತಾಯಿ. ನಿಜವೋ ಸುಳ್ಳೋ ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅರವತ್ತೆಂಟು ವರ್ಷದ ಬದುಕಿನಲ್ಲಿ ಕಮುಷಾನಳ ಕೈಯ ಎಶಾಬ್ವೆ ಒಮ್ಮೆಯೂ ಒಡೆದಿರಲಿಲ್ಲ. ಈ ಹೊತ್ತು ಆ ಹೆಸರೂ ಅವಳಿಗೆ ಹಗುರವಾಗಿರಲಿಲ್ಲ, ಏಕೆಂದರೆ ಬೋಗುಣಿಯಲ್ಲಿದ್ದ ತುಪ್ಪ ಅವಳದಾಗಿರಲಿಲ್ಲ.

ಅವಳದು ಮೂರು ತಿಂಗಳಿಂದ ಕೂಡಿಸಿಟ್ಟಿದ್ದ ತುಪ್ಪ. ನಾದಿನಿ ಕೆಬಿರುಂಗಿಯ ಮಗಳನ್ನು ಗಂಡಿನವರಿಗೆ ಒಪ್ಪಿಸುವ ದಿನಕ್ಕೆ ತುಪ್ಪ ನನ್ನ ಮನೆಯದು ಎಂದು ಎಲ್ಲರೆದುರು ಹೇಳಿದ್ದಳು. ಬೆಳಿಗ್ಗೆ ಗಡಿಗೆಯ ಬಾಯಿಯ ಬಾಳೆ ಎಲೆ ಬಿಚ್ಚಿದಾಗ ಮೇಲ್ಮೈ ನುಣುಪಾಗಿ, ತಾನು ಬೆರಳಿನಿಂದ ಸವರಿಟ್ಟ ಹಾಗೆಯೇ ಇತ್ತು. ಸೌಟು ಇಳಿಸಿದಳು, ಸೌಟು ಹಿಡಿದ ಕೈ ಮೊಣಕೈವರೆಗೆ ಒಳಗೆ ಹೋಯಿತು. ಮೇಲಿನ ಪದರ ಮುರಿದು ಬಿತ್ತು. ಕೆಳಗೆ ಗವಿ. ಗಡಿಗೆಯ ಒಳಗೋಡೆಯ ಮೇಲೆ ಸಣ್ಣ ಬೆರಳುಗಳು ಕೆರೆದ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿದ್ದವು. ಮೇಲಿನ ಪದರದ ಒಂದು ಬದಿಯಲ್ಲಿ ತೂತು ಮಾಡಿ ಒಳಗಿನದನ್ನೆಲ್ಲ ತೆಗೆದು, ಆ ತೂತಿಗೆ ಬೂದಿಯ ಉಂಡೆ ಮೆತ್ತಿ, ಅದರ ಮೇಲೆ ತುಪ್ಪ ಸವರಿದ್ದಳು ಮೊಮ್ಮಗಳು ನಿನ್ಸೀಮಾ. ಕಮುಷಾನ ಗಡಿಗೆಯ ಬಾಯಿಗೆ ಮತ್ತೆ ಎಲೆ ಕಟ್ಟಿದಳು. ಬರಿಗೈಯಲ್ಲಿ ನಾದಿನಿಯ ಮನೆಗೆ ಹೋಗಿ, ಬೆಕ್ಕು ಬಾಯಿ ಹಾಕಿತು, ನಿಮ್ಮದೇ ತುಪ್ಪ ಕೊಡಿ, ಕಲಸಿಕೊಡುತ್ತೇನೆ ಎಂದಳು.

"ಬೆಕ್ಕಾ?" ಕೆಬಿರುಂಗಿ ಬಾಳೆಕಾಯಿ ಸುಲಿಯುತ್ತಿದ್ದವಳು ಚಾಕು ನಿಲ್ಲಿಸಿದಳು. "ಹೌದು ಅತ್ತಿಗೆ, ಕೇಳಿದೀನಿ. ನಿಮ್ಮನೆ ಬೆಕ್ಕಿಗೆ ಈ ಸಲ ಯೂನಿಫಾರಂ ಎರಡು ಸರ್ತಿ ಬಿಚ್ಚಿ ಹೊಲಿಸಿದ್ರಂತಲ್ಲ."

ಸುತ್ತ ಕೂತ ಹೆಂಗಸರು ಬಾಳೆಕಾಯಿಯ ಮೇಲೆ ಬಗ್ಗಿ ಭುಜ ಕುಣಿಸಿ ನಕ್ಕರು. ಕಮುಷಾನ ತುಪ್ಪ ತೆಗೆದುಕೊಂಡು ಬಂದಳು.

ಸೌಟು ತಿರುಗುತ್ತಿತ್ತು. ಎದುರಿನ ಗೂಡಿನಲ್ಲಿ ಪ್ರಾರ್ಥನೆಯ ಪುಸ್ತಕ, ಅದರೊಳಗೆ ಮಡಿಸಿಟ್ಟ ಎರಡು ಹಾಳೆ. ಶಾಲೆಯ ವರ್ಷದ ಮೂರು ಅವಧಿಗಳಲ್ಲಿ ಮೊದಲನೆಯದರಲ್ಲಿ ಮಕ್ಕಳ ತೂಕ ನೋಡಲು ಬಂದಿದ್ದ ನರ್ಸ್ ಬೊನಬಾನ ಅವಳನ್ನು ಕರೆಸಿ ಕೊಟ್ಟಿದ್ದ ಹಾಳೆಗಳು ಅವು. ಆಮೇಲೆ ಹುಡುಗಿಯನ್ನು ಹಾಸ್ಟೆಲಿನಿಂದ ಬಿಡಿಸಿ ಮನೆಗೆ ಕರೆತಂದದ್ದೂ ಆಯಿತು, ಈಗ ಮೂರನೆಯ ಅವಧಿ ನಡೆಯುತ್ತಿದೆ. "ನಿನ್ಸೀಮಾ ಒಂದೇ ಅವಧಿಲಿ ಒಂಬತ್ತು ಕಿಲೋ ಏರಿದಾಳೆ ಅಮ್ಮ. ಅದೊಂದೇ ಆಗಿದ್ರೆ ನಾನು ಕರೆಸ್ತಿರಲಿಲ್ಲ. ಹಾಸ್ಟೆಲಿನ ಹಾಸಿಗೆ ಕೆಳಗೆ ಒಣ ಹಿಟ್ಟಿನ ಪೊಟ್ಟಣ ಸಿಕ್ಕಿತು, ಬೇಯಿಸದ ಹಿಟ್ಟು. ಎಲ್ಲರ ಜೊತೆ ಕೂತಾಗ ತಿನ್ನಲ್ಲ. ಒಬ್ಳೇ ಇದ್ದಾಗ ತಿಂತಾಳೆ." ಕಮುಷಾನ, ಹೊಡೆಯಿರಿ, ನನ್ನ ಅಪ್ಪಣೆಯಿದೆ ಎಂದಿದ್ದಳು. ನರ್ಸ್ ಎರಡು ಹಾಳೆಗಳನ್ನು ಅವಳ ಕೈಗಿಟ್ಟಳು. "ಇದು ಕಳ್ಳತನ ಅಂತ ನೋಡ್ಬೇಡಿ. ಹೊಟ್ಟೆಬಾಕತನ ಅಂತಾನೂ ನೋಡ್ಬೇಡಿ. ಹೀಗೆ ತಡೆಯೋಕಾಗದೆ ತಿನ್ನೋದು ಒಂದು ಕಾಯಿಲೆ, ಮಕ್ಕಳಿಗೂ ಬರುತ್ತೆ. ಇದೆಯೋ ಇಲ್ವೋ ಅಂತ ತಕ್ಕಡಿ ಹೇಳಲ್ಲ. ಮನೇಲಿ ಕಣ್ಣಾರೆ ಕಂಡೋರು ಹೇಳ್ಬೇಕು. ಇದರಲ್ಲಿ ಹನ್ನೊಂದು ಪ್ರಶ್ನೆ ಇದೆ, ಬರೆದು ದೊಡ್ಡಾಸ್ಪತ್ರೆಗೆ ಕಳಿಸಿ. ಅಲ್ಲಿ ಮಕ್ಕಳ ಜೊತೆ ಕೂತು ಮಾತಾಡೋ ಡಾಕ್ಟರಿದಾರೆ. ಕಾಗದ ಬರದೆ ಅವರು ಕರೆಯಲ್ಲ." ಮೊನ್ನೆ ಮತ್ತೆ ಹೇಳಿಕಳಿಸಿದ್ದಳು: ಈ ತಿಂಗಳ ಕೊನೆಗೆ ಡಾಕ್ಟರು ನೋಡುವ ಮಕ್ಕಳ ಪಟ್ಟಿ ಮುಗಿಯುತ್ತದೆ, ಆಮೇಲೆ ಮುಂದಿನ ವರ್ಷವೇ. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಐವತ್ತು ದಾಟಿದ ಮೇಲೆ ಚರ್ಚಿನ ಸಂಜೆಪಾಠದಲ್ಲಿ ಅಕ್ಷರ ಕಲಿತವಳು ಅವಳು, ಓದುವುದು ನಿಧಾನ. ಆದರೂ ಹನ್ನೊಂದನ್ನೂ ಓದಿದ್ದಳು. ಮಗು ಹಸಿವಿಲ್ಲದಾಗಲೂ ತಿನ್ನುತ್ತದೆಯೇ? ಅವಸರವಾಗಿ ತಿನ್ನುತ್ತದೆಯೇ? ಅಡಗಿಸಿಡುತ್ತದೆಯೇ? ತಿಂದ ಮೇಲೆ ನಾಚಿಕೆ, ದುಃಖ ಕಾಣುತ್ತದೆಯೇ? ವಾರಕ್ಕೆ ಎಷ್ಟು ಸಲ? ಅಲ್ಲಿಯವರೆಗೆ ಪರವಾಗಿಲ್ಲ. ಒಂಬತ್ತನೆಯದು: ಮನೆಯಲ್ಲಿ ಆಹಾರಕ್ಕೆ ಬೀಗ ಹಾಕುತ್ತೀರಾ? ಹತ್ತನೆಯದು: ಆಹಾರದ ವಿಷಯಕ್ಕೆ ಮಗುವನ್ನು ಯಾರಾದರೂ ಹಂಗಿಸುತ್ತಾರೆಯೇ? ಹನ್ನೊಂದನೆಯದನ್ನು ಓದಿ ಹಾಳೆ ಮಡಿಸಿದವಳು ಮತ್ತೆ ಬಿಚ್ಚಿರಲಿಲ್ಲ.

ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ತಲೆಯೆತ್ತದೆಯೇ ಗೊತ್ತಾಯಿತು. ಹನ್ನೊಂದು ವರ್ಷದ ಹುಡುಗಿ, ಬಾಗಿಲನ್ನು ಪೂರ್ತಿ ತುಂಬಿಕೊಂಡು ನಿಂತಿದ್ದಳು.

"ಅಜ್ಜಿ, ನೀನೀಗ ಬೈಯೋಕಾಗಲ್ಲ ಅಲ್ವಾ?"

ಸೌಟು ತಿರುಗಿತು.

"ಅದಕ್ಕೇ ಈಗ ಹೇಳ್ತೀನಿ. ತುಪ್ಪ ತಿಂದಿದ್ದು ಬೆಕ್ಕಲ್ಲ. ನಾನೇ. ರುಚಿಗೆ ಅಂತ ಅಲ್ಲ ಅಜ್ಜಿ. ಬರೀ ತುಪ್ಪ ಯಾರಿಗೆ ರುಚಿ? ಹಸಿವೂ ಇರಲಿಲ್ಲ. ನೀನು ಊಟ ಕೊಟ್ಟಿದ್ದೆ. ಒಂದು ಬೆರಳು ಅಂತ ಹೋದೆ. ಆಮೇಲೆ ಕೈ ನಿಲ್ಲಲ್ಲ. ಯಾರೋ ಬಂದ್ಬಿಡ್ತಾರೆ, ಬೇಗ, ಬೇಗ ಅಂತ ಒಳಗೆ ಯಾರೋ ಹೇಳ್ತಾ ಇರ್ತಾರೆ. ಗಂಟಲಿಗೆ ಬಂದ್ರೂ ಬಿಡಲ್ಲ. ಮುಗಿದ ಮೇಲೆ ನೆಲದ ಮೇಲೆ ಮಲಗ್ತೀನಿ. ನನ್ನ ಮೈನ ನಾನೇ ಚಿವುಟ್ಕೊತೀನಿ. ಇನ್ಮೇಲಿಲ್ಲ ಅಂತ ದೇವರಿಗೆ ಆಣೆ ಇಡ್ತೀನಿ. ಮತ್ತೆ ತಿಂತೀನಿ. ನಂಗೇನಾಗಿದೆ ಅಜ್ಜಿ?"

ಕಮುಷಾನ ಬೋಗುಣಿಯನ್ನೇ ನೋಡುತ್ತಿದ್ದಳು. ಅಂಚಿನಲ್ಲಿ ಹಳದಿ ಮಾಸತೊಡಗಿತ್ತು. ಇನ್ನೆಷ್ಟು ಹೊತ್ತು, ಒಂದು ಐವತ್ತು ಸುತ್ತು. ಗಂಟಲಿಗೆ ಬಂದರೂ ಬಿಡಲ್ಲ ಎಂದಿದ್ದಳು ಹುಡುಗಿ. ಗಂಟಲಿಗೆ ಬಂದ ಹಾಲಿಗೆ ಯಾವ ರುಚಿಯಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಅವಳನ್ನು ಗುಡಿಸಲಿನ ಒಳಕೋಣೆಗೆ ಹಾಕಿದ್ದರು. ಮದುವೆಗೆ ತಯಾರಾಗುವ ಹೆಣ್ಣು ಮೈತುಂಬಿಕೊಂಡಿರಬೇಕು, ನಡೆದರೆ ತೊಡೆ ತೊಡೆಗೆ ತಾಗಬೇಕು, ಕುಣಿಯುವವರ ನಡುವೆ ಅವಳು ಕೂತೇ ಇರಬೇಕು. ಸೋದರತ್ತೆ ಹಾಲಿನ ಮರದ ಪಾತ್ರೆಗಳನ್ನು ಹೊಗೆಯಾಡಿಸಿ ಸಾಲಾಗಿ ಇಡುತ್ತಿದ್ದಳು. ಬೆಳಕು ಹರಿಯುವುದರೊಳಗೆ ಎರಡು, ದನ ಮೇಯಲು ಬಿಟ್ಟ ಮೇಲೆ ಎರಡು. ಬೇಡವೆಂದರೆ ಸೀಳಿದ ಕೋಲಿನ ನಡುವೆ ಕಾಲ್ಬೆರಳು ಸಿಕ್ಕಿಸಿ ಅದುಮುತ್ತಿದ್ದಳು. ಕಕ್ಕಿದರೆ ಇನ್ನೊಂದು ಪಾತ್ರೆ. ಒಂದು ವರ್ಷದಲ್ಲಿ ಹೊಟ್ಟೆಗೆ ಹಸಿವು ಎಂಬುದೇ ಮರೆತುಹೋಯಿತು, ಸಾಕು ಎಂಬುದೂ ಮರೆತುಹೋಯಿತು. ನೋಡಲು ಬಂದ ಗಂಡಿನ ಕಡೆಯವರು, ಎಂಥ ಮನೆಯ ಹೆಣ್ಣು ಎಂದರು. ಕೋಣೆಯಿಂದ ಹೊರಬಂದಾಗ ಎರಡೂ ಕೈ ಹಿಡಿದು ನಡೆಸಬೇಕಾಯಿತು, ಅವಳಿಗೆ ಹೆಮ್ಮೆಯಾಗಿತ್ತು. ಆಮೇಲೆ ಮದುವೆಯಾಗಿ, ಮನೆಯವರೆಲ್ಲ ಉಂಡು ಮಲಗಿ, ತಾನೂ ಉಂಡು, ಪಾತ್ರೆಯ ತಳದ ತಣ್ಣನೆ ಹಾಲನ್ನು ನಿಂತುಕೊಂಡು ಗಟಗಟ ಕುಡಿಯುತ್ತಿದ್ದ ಎಷ್ಟೋ ವರ್ಷಗಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಪಾತ್ರೆ ತೊಳೆಯುವವಳು ಅವಳೇ ಆದ್ದರಿಂದ ಯಾರಿಗೂ ಗೊತ್ತಿರಲಿಲ್ಲ.

ಮತ್ತೆ ಅದೇ ಕೋಲು. ಮಗಳು ರಾಜಧಾನಿ ಕಂಪಾಲಾದಲ್ಲಿ, ಊರವರು ಸೊರಗುವ ಕಾಯಿಲೆ ಎನ್ನುವ ಏಡ್ಸಿನಿಂದ ಸತ್ತು, ನಾಲ್ಕು ವರ್ಷದ ಈ ಹುಡುಗಿ ಬಸ್ಸಿನಿಂದ ಇಳಿದಾಗ ಕಡ್ಡಿಯಂಥ ಕೈ, ದೊಡ್ಡ ತಲೆ. ಚರ್ಚಿನಲ್ಲಿ ಹೆಂಗಸರು ಚಾಪೆಗಳನ್ನು ಒಂದೊಂದು ಗೇಣು ಆಚೆ ಸರಿಸಿದರು. ಆಸ್ಪತ್ರೆಯವರು ರಕ್ತ ನೋಡಿ ಮಗುವಿಗೆ ಆ ಕಾಯಿಲೆಯಿಲ್ಲ ಎಂದು ಬರೆದುಕೊಟ್ಟಿದ್ದ ಕಾಗದವನ್ನು ಅವಳು ಎದೆಗೆ ಸಿಕ್ಕಿಸಿಕೊಂಡೇ ತಿರುಗಿದಳು. ಕಾಗದವನ್ನು ಯಾರು ನಂಬುತ್ತಾರೆ, ಕೆನ್ನೆಯನ್ನು ನಂಬುತ್ತಾರೆ. ಅದಕ್ಕೆ ಕೆನ್ನೆ ಬರಿಸಿದಳು. ಮೂಗು ಹಿಡಿದು ಹಾಲು ಹೊಯ್ದಳು. ಬಾಯಿ ಮುಚ್ಚಿಕೊಂಡ ದಿನ ಹಿತ್ತಲಿನಿಂದ ಕೋಲು ತಂದು ಸೀಳಿದಳು. ಅರವತ್ತು ದಾಟಿದ ಕೈಗೆ ಎಲ್ಲಿ ಸೀಳಬೇಕು, ಎಷ್ಟು ಅದುಮಬೇಕು ಎಲ್ಲವೂ ನೆನಪಿತ್ತು. ವರ್ಷ ಕಳೆಯುವುದರೊಳಗೆ ಚಾಪೆಗಳು ಹತ್ತಿರ ಬಂದವು. ನೋಡಿ ಕಮುಷಾನಳ ಮೊಮ್ಮಗಳನ್ನು, ಕೈತೊಳೆದು ಮುಟ್ಟಬೇಕು ಹಾಗಿದ್ದಾಳೆ ಎಂದರು. ಅವಳು ಹುಡುಗಿಯನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತಿದ್ದಳು. ಮತ್ತೆ ಯಾವಾಗ ಅದೇ ಕೆನ್ನೆ ನಗೆಪಾಟಲಾಯಿತೋ, ಶಾಲೆಯಲ್ಲಿ ಯಾರು ಮೊದಲು ಹಾಲಿನ ಟ್ಯಾಂಕರು ಎಂದು ಕರೆದರೋ, ಆಗ ಅವಳು ಕಪಾಟಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಹನ್ನೊಂದನೆಯ ಪ್ರಶ್ನೆ: ಮಗುವಿಗೆ ಯಾವಾಗಲಾದರೂ ಬಲವಂತವಾಗಿ ಉಣ್ಣಿಸಲಾಗಿದೆಯೇ? ಯಾರು?

ತುಪ್ಪ ಬೆಳ್ಳಗಾಯಿತು. ಎಂದಿನಂತೆ ಥಟ್ಟನೆ, ಯಾರೋ ದೀಪ ತಂದಿಟ್ಟ ಹಾಗೆ. ಅವಳು ಸೌಟು ಎತ್ತಿ ಬೋಗುಣಿಯ ಅಂಚಿಗೆ ಬಡಿದು, "ಬಾ ಇಲ್ಲಿ" ಎಂದಳು. ಬಾಗಿಲು ಖಾಲಿಯಿತ್ತು. ಹುಡುಗಿ ಎಷ್ಟು ಹೊತ್ತು ಕಾದು ಹೋದಳೋ ಗೊತ್ತಾಗಲಿಲ್ಲ. ಮಾತು ಮಾತ್ರ ಬೇಡ ಎಂದಿದ್ದಳಲ್ಲವೇ ತಾಯಿ? ತಲೆಯೆತ್ತಿ ನೋಡಬಾರದು ಎಂದು ಯಾರೂ ಹೇಳಿರಲಿಲ್ಲ. ಎಡಗೈ ಸುಮ್ಮನೇ ಇತ್ತು, ಅದನ್ನು ಚಾಚಬಹುದಿತ್ತು.

ಮಧ್ಯಾಹ್ನ ಕೆಬಿರುಂಗಿಯ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಇನ್ನೂರು ಜನ. ಗಂಡಿನ ಕಡೆಯ ಹಿರಿಯನೊಬ್ಬ ರಾಗಿಮುದ್ದೆಯನ್ನು ಎಶಾಬ್ವೆಯಲ್ಲಿ ಅದ್ದಿ, ಕಣ್ಣುಮುಚ್ಚಿ, "ಇದನ್ನ ಕಲಸಿದ ಕೈಗೆ ಒಂದು ಹಸು ಕೊಡಬೇಕಪ್ಪ" ಎಂದ. ಎಲ್ಲರೂ ಕಮುಷಾನಳತ್ತ ತಿರುಗಿದರು. ಅವಳು ತಲೆಬಾಗಿದಳು. ನಿನ್ಸೀಮಾ ಕೊನೆಯ ಸಾಲಿನಲ್ಲಿ, ಚಾಪೆಯ ತುದಿಗೆ, ತನ್ನ ಮೈಯನ್ನು ಎಷ್ಟು ಮಡಿಸಬಹುದೋ ಅಷ್ಟು ಮಡಿಸಿ ಕೂತಿದ್ದಳು. ಬೇಯಿಸಿದ ಬಾಳೆಕಾಯಿಯ ಹೆಡಿಗೆ ಹಿಡಿದು ಬಂದ ಕೆಬಿರುಂಗಿ ಅವಳ ಮುಂದೆ ನಿಂತಳು.

"ಅಯ್ಯೋ, ಬೆಕ್ಕಿಗೆ ತಟ್ಟೆ ಕೊಟ್ಟೋರ್ಯಾರು? ಇದೆಲ್ಲಿ ಸಾಲುತ್ತೆ! ಒಂದು ಬೇಸಿನ್ ತನ್ನಿ ಯಾರಾದ್ರೂ!"

ಗಂಡಿನ ಕಡೆಯವರಿಗೂ ಯಾರೋ ಬೆಕ್ಕಿನ ಕಥೆ ಹೇಳಿದ್ದಿರಬೇಕು. ನಗು ಸಾಲಿನಿಂದ ಸಾಲಿಗೆ ಬಂತು. ಹಸು ಕೊಡಬೇಕೆಂದ ಹಿರಿಯನೂ ನಕ್ಕ, ಕಮುಷಾನಳ ಮುಖ ನೋಡುತ್ತ ನಕ್ಕ, ಅವಳೂ ನಗಲಿ ಎಂದು ಕಾಯುವವನ ಹಾಗೆ. ಆಗ ತನ್ನ ಗಂಟಲಿನಿಂದ ಒಂದು ಸಣ್ಣ ನಗು ಹೊರಟದ್ದನ್ನು ಕಮುಷಾನ ಕೇಳಿಸಿಕೊಂಡಳು. ಕೆಮ್ಮೆಂದು ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ.

"ನಂಗೆ ಸಾಕು ಚಿಕ್ಕಜ್ಜಿ, ಹೊಟ್ಟೆ ತುಂಬಿದೆ," ಎಂದು ನಿನ್ಸೀಮಾ ಮುಟ್ಟದ ತಟ್ಟೆಯನ್ನು ಚಾಪೆಯ ಮೇಲೆ ಇಟ್ಟಳು.

"ನೋಡ್ರೇ, ಜನರ ಮುಂದೆ ಎಷ್ಟು ನಾಜೂಕು!"

ಆಮೇಲೆ ಡೋಲು, ಹಾಡು, ಕೈಗಳನ್ನು ದನದ ಕೊಂಬಿನಂತೆ ಎತ್ತಿ ಕುಣಿಯುವ ಗಂಡಸರು. ಚಾಪೆಯ ತುದಿ ಖಾಲಿಯಾದದ್ದನ್ನು ಕಂಡ ಕೂಡಲೇ ಕಮುಷಾನಳಿಗೆ ಎಲ್ಲಿ ಹುಡುಕಬೇಕು ಎಂದು ಯೋಚಿಸಬೇಕಾಗಲಿಲ್ಲ. ಅಡುಗೆಯ ಚಪ್ಪರದ ಹಿಂದೆ, ಬಾಳೆಯ ಗುಂಪಿನ ಮರೆಯಲ್ಲಿ, ತೊಳೆಯಲು ಹಾಕಿದ್ದ ದೊಡ್ಡ ಹಂಡೆಗಳ ನಡುವೆ ಹುಡುಗಿ ಮೊಣಕಾಲೂರಿ ಕೂತಿದ್ದಳು. ಎರಡೂ ಕೈ. ತಳಕ್ಕೆ ಹತ್ತಿದ ಸೀದ ಬಾಳೆಕಾಯಿಯನ್ನು ಉಗುರಿನಿಂದ ಎಬ್ಬಿಸಿ, ಬಾಯಿಯಲ್ಲಿರುವುದು ಇಳಿಯುವ ಮೊದಲೇ ಇನ್ನೊಂದು ಹಿಡಿ ತುರುಕುತ್ತಿದ್ದಳು. ಅಗಿಯುತ್ತಲೇ ಇರಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದಕ್ಕೂ ಕೈಗೂ ಸಂಬಂಧವಿಲ್ಲದ ಹಾಗೆ ಕೈ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು. ಕಮುಷಾನ ಇಷ್ಟು ವರ್ಷ ಗಡಿಗೆ ನೋಡಿದ್ದಳು, ಪೊಟ್ಟಣ ನೋಡಿದ್ದಳು, ಯೂನಿಫಾರಮ್ಮಿನ ಹೊಲಿಗೆ ನೋಡಿದ್ದಳು. ಇದನ್ನು ನೋಡಿರಲಿಲ್ಲ. ಇದರಲ್ಲಿ ಆಸೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಯಾರೋ ಎದುರಿಗೆ ಕೋಲು ಹಿಡಿದು ಕೂತು, ಮುಗಿಸು, ಮುಗಿಸು ಎನ್ನುತ್ತಿರುವಾಗ ತಿನ್ನುವ ತಿನಿಸು ಇದು. ಕೋಲು ಹಿಡಿದವರ ಮುಖ ಮಾತ್ರ ಅಲ್ಲಿರಲಿಲ್ಲ. ಅದರ ಅಗತ್ಯವೂ ಉಳಿದಿರಲಿಲ್ಲ.

ಹುಡುಗಿ ಅವಳನ್ನು ಕಂಡಳು. ಕೈ ಆಗಲೂ ಒಂದು ಸಲ ಬಾಯಿಗೆ ಹೋಗಿ ನಿಂತಿತು.

ಕಮುಷಾನ ಬಟ್ಟೆ ಕೊಳೆಯಾಗುವುದನ್ನೂ ಲೆಕ್ಕಿಸದೆ ಒದ್ದೆ ನೆಲದ ಮೇಲೆ ಕೂತಳು. ನರ್ಸ್ ಆಗಿದ್ದರೆ ಏನೋ ಒಳ್ಳೆಯ ಮಾತು ಹೇಳುತ್ತಿದ್ದಳು.

"ನಾನೂ ನಕ್ಕೆ," ಎಂದಳು. "ಕೇಳಿಸ್ತಾ?"

"ಕೇಳಿಸ್ತು."

"ಬೆಳಿಗ್ಗೆ ನೀನು ಹೇಳಿದ್ದೂ ನಂಗೆ ಕೇಳಿಸ್ತು."

ಹುಡುಗಿ ಬಾಯಿಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದಳು. "ಮತ್ತೆ ಯಾಕೆ ನೋಡ್ಲಿಲ್ಲ? ಎಶಾಬ್ವೆ ಒಡೆದುಹೋಗುತ್ತೆ ಅಂತಾನಾ?"

"ಹೌದು."

ಡೋಲು ಜೋರಾಯಿತು. ಹುಡುಗಿ ಮಸಿ ಮೆತ್ತಿದ ಕೈಗಳನ್ನು ಬಾಳೆಯ ಎಲೆಗೆ ಒರೆಸಿಕೊಂಡಳು, ಹತ್ತಿರ ಬರಲಿಲ್ಲ, ಎದ್ದೂ ಹೋಗಲಿಲ್ಲ.

ಸಂಜೆ ಬೆಳಕಿರುವಾಗಲೇ ಕಮುಷಾನ ಹೊಸ್ತಿಲ ಮೇಲೆ ಕೂತು ಬರೆದಳು. ಒಂದೊಂದು ಅಕ್ಷರವೂ ಬಾಳೆಕಾಯಿ ಸುಲಿದಷ್ಟು ಹೊತ್ತು ಹಿಡಿಯಿತು. ಮೊದಲನೆಯದು, ಹೌದು. ಎರಡನೆಯದು, ಹೌದು, ಅಗಿಯುವುದಿಲ್ಲ, ಇಂದು ಕಂಡೆ. ಒಂಬತ್ತನೆಯದಕ್ಕೆ, ಬೀಗ ಹಾಕಿದ್ದೇನೆ ಎಂದು ಬರೆದಳು. ಹತ್ತನೆಯದಕ್ಕೆ ನಾದಿನಿಯ ಹೆಸರು ಬರೆದು, ಅಷ್ಟಕ್ಕೇ ನಿಲ್ಲಿಸಿ ಮುಂದೆ ಹೋಗಬೇಕೆಂದಿದ್ದವಳು, ತಿರುಗಿ ಬಂದು ಅದನ್ನು ಹೊಡೆದು, ಎಲ್ಲರೂ, ನಾನೂ ಸೇರಿ ಎಂದು ಬರೆದಳು. ಹನ್ನೊಂದನೆಯದರ ಮುಂದೆ ಅವರು ಕೊಟ್ಟಿದ್ದ ಜಾಗ ಒಂದು ಗೆರೆಯಷ್ಟಿತ್ತು. ನನ್ನ ಸೋದರತ್ತೆ ಎಂದು ಬರೆಯಬಹುದು, ಹಿಂದಿನವರು ಎಂದು ಬರೆಯಬಹುದು, ಸೊರಗುವ ಕಾಯಿಲೆಯ ಭಯ ಎಂದು ಬರೆಯಬಹುದು, ಎಲ್ಲವೂ ಸುಳ್ಳಲ್ಲ. ನಾನು, ಕಮುಷಾನ, ಕೋಲಿನಿಂದ ಎಂದು ಬರೆದಳು. ಬರೆದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ, ಸುಮ್ಮನೆ ಹಾಳೆ ತುಂಬಿತು.

ಬೆಳಿಗ್ಗೆ ಹಾಲು ಸಂಗ್ರಹದ ಕಟ್ಟೆಯಲ್ಲಿ ಲಾರಿ ನಿಂತಿತ್ತು. ಪಟ್ಟಣಕ್ಕೆ ಹೋಗುವ ಕಾಗದಗಳನ್ನೆಲ್ಲ ಲಾರಿ ಓಡಿಸುವ ಬರಿಗ್ಯೆಯೇ ಒಯ್ಯುತ್ತಿದ್ದ. ನಿನ್ಸೀಮಾಳನ್ನು ಕಮುಷಾನ ಜೊತೆಗೆ ಕರೆತಂದಿದ್ದಳು. ದಾರಿಯುದ್ದಕ್ಕೂ ಹುಡುಗಿ ನಾಲ್ಕು ಹೆಜ್ಜೆ ಹಿಂದೆಯೇ ನಡೆದಿದ್ದಳು. ಕ್ಯಾನುಗಳನ್ನು ಏರಿಸುತ್ತಿದ್ದ ಸದ್ದಿನ ನಡುವೆ ಕಮುಷಾನ ಹಾಳೆಗಳನ್ನು ಅವಳ ಕೈಗೆ ಕೊಟ್ಟಳು.

"ನಿನ್ನ ವಿಷಯ ಬರ್ದಿರೋದು. ನೀನು ಬೇಡ ಅಂದ್ರೆ ಕಳಿಸಲ್ಲ."

ಹುಡುಗಿ ನಿಂತಲ್ಲೇ ಓದಿದಳು. ಅಜ್ಜಿಗೆ ಒಂದು ಸಂಜೆ ಹಿಡಿದದ್ದನ್ನು ಅವಳು ಒಂದು ಕ್ಯಾನು ಏರಿಸುವಷ್ಟರಲ್ಲಿ ಓದಿ ಮುಗಿಸಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಆ ಕೋಲು ಅವಳಿಗೆ ನೆನಪಿದೆಯೋ ಇಲ್ಲವೋ ಎಂದು ಕಮುಷಾನ ಅವಳ ಕಾಲಿನತ್ತ ನೋಡಿದಳು. ಹುಡುಗಿಯ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಮಡಿಸಿಕೊಂಡಿತು.

"ಇದನ್ನ ಓದಿ ಅವರೂ ನಗ್ತಾರಾ?"

"ಗೊತ್ತಿಲ್ಲ ಮಗಾ. ನರ್ಸ್ ನಗ್ಲಿಲ್ಲ."

"ಹೊರಡ್ತೀನಮ್ಮ, ಹಾಲು ಕೆಡುತ್ತೆ!" ಬರಿಗ್ಯೆ ಇಂಜಿನ್ ಚಾಲು ಮಾಡಿ ಕೂಗಿದ. "ಕಾಗದ ಇದೆಯೋ ಇಲ್ವೋ?"

ನಿನ್ಸೀಮಾ ಹಾಳೆಯನ್ನು ಅಜ್ಜಿಯತ್ತ ತಿರುಗಿಸಿ ಒಂದು ಕಡೆ ಬೆರಳಿಟ್ಟಳು. "ವಾರಕ್ಕೆ ಎರಡು ಸಲ ಅಂತ ಬರ್ದಿದೀಯ."

"ಅಷ್ಟು ನಾನು ಕಂಡಿದ್ದು."

"ಎರಡಲ್ಲ. ನಾಲ್ಕು." ಹುಡುಗಿ ಆ ಬೆಳಿಗ್ಗೆ ಮೊದಲ ಸಲ ಅವಳ ಮುಖ ನೋಡಿದಳು. "ಕೆಲವು ವಾರ ಐದು."

ಕಮುಷಾನ ಬರಿಗ್ಯೆಯ ಕಿಟಕಿಗೆ ಕೈ ಚಾಚಿ, ಅವನು ಹಾಲಿನ ಲೆಕ್ಕ ಬರೆದುಕೊಳ್ಳುವ ಪೆನ್ನು ಕೇಳಿದಳು. ಲಾರಿಯ ಬಾಗಿಲಿಗೇ ಹಾಳೆ ಒತ್ತಿ ಹಿಡಿದು, ಎರಡನ್ನು ಹೊಡೆದು ನಾಲ್ಕು ಎಂದು ಬರೆದಳು. ತಗಡು ಅದುರುತ್ತಿದ್ದುದರಿಂದ ಅಂಕಿ ಸೊಟ್ಟಗಾಯಿತು. ಅದರ ಪಕ್ಕದಲ್ಲಿ ಐದನ್ನೂ ಬರೆದಳು. ಮಡಿಸಿ ಕೊಟ್ಟಳು. ಬರಿಗ್ಯೆ ಅದನ್ನು ಅಂಗಿಯ ಜೇಬಿಗೆ ಇಳಿಸಿ, ಜೇಬಿನ ಗುಂಡಿ ಹಾಕಿ, ಪೆನ್ನು ವಾಪಸು ಇಸಿದುಕೊಂಡು ಲಾರಿಯನ್ನು ಪಟ್ಟಣದ ರಸ್ತೆಗೆ ತಿರುಗಿಸಿದ.